ಛತ್ರದ ಬಾಗಿಲಿನ ಮೂರು ಕೂಗು

ಅನ್ನ ಇಕ್ಕುವ ಜಾಗದಲ್ಲಿ ಕೆಲಸಕ್ಕಿದ್ದವನಿಗೆ ನಗುವ ಸಂಗತಿಗೆ ಬರವಿಲ್ಲ. ಹಸಿದವನ ಸಿಟ್ಟು, ಉಂಡವನ ದೊಡ್ಡಸ್ತಿಕೆ, ಬಡಿಸುವವನ ಗೊಣಗಾಟ ಮೂರೂ ಒಂದೇ ಪಡಸಾಲೆಯಲ್ಲಿ ಸೇರಿದರೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಹುಟ್ಟುತ್ತದೆ. ನಾನು ನಂಜನಗೂಡಿನಲ್ಲಿ ಕಪಿಲೆಯ ದಡದ ಒಂದು ಛತ್ರದಲ್ಲಿ ಬಹಳ ವರ್ಷ ಬಡಿಸುವ ಕೆಲಸ ಮಾಡಿದವನು. ಅಲ್ಲಿಯ ಮಾತು ತೆಗೆದರೆ ಕೇಳಿದವರು ನಗುತ್ತಾರೆ. ನಾನೂ ಅವರ ಜೊತೆ ನಗಲು ಶುರು ಮಾಡುತ್ತೇನೆ. ಕೊನೆಯವರೆಗೆ ನಗಲು ಮಾತ್ರ ಇದುವರೆಗೆ ಆಗಿಲ್ಲ.

೧. ಕಲ್ಲಿನ ಮೇಲಿನ ಕಟ್ಟಳೆ

ಛತ್ರ ಕಟ್ಟಿಸಿದ ಮೈಸೂರಿನ ವ್ಯಾಪಾರಸ್ಥರು ಪುಣ್ಯವಂತರು, ಆದರೆ ಕೆಲಸದವರ ಹೊಟ್ಟೆಯ ಮೇಲೆ ಅವರಿಗೆ ಏನು ಹಗೆಯೋ ಗೊತ್ತಿಲ್ಲ. ಬಾಗಿಲ ಪಕ್ಕದ ಕಲ್ಲಿನಲ್ಲಿ ಒಂದು ಕಟ್ಟಳೆ ಕೆತ್ತಿಸಿದ್ದರು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಪಾರುಪತ್ತೇಗಾರನೇ ಖುದ್ದಾಗಿ ಬೀದಿ ಬಾಗಿಲಿಗೆ ಬಂದು ‘ಹಸಿದವರು ಯಾರಾದರೂ ಇದ್ದರೆ ಬನ್ನಿ’ ಎಂದು ಮೂರು ಸಲ ಕೂಗಬೇಕು. ಬಂದವರಿಗೆ ಇಕ್ಕಿದ ಮೇಲೆ ಉಳಿದದ್ದು ಛತ್ರದವರಿಗೆ.

ನಮ್ಮ ಪಾರುಪತ್ತೇಗಾರರು, ಅಂದರೆ ಛತ್ರ ನೋಡಿಕೊಳ್ಳುತ್ತಿದ್ದ ಯಜಮಾನಿಕೆಯ ಮನುಷ್ಯ, ಹೆಂಡತಿ ಇಲ್ಲದವರು, ಮಕ್ಕಳಿಲ್ಲದವರು. ಮೈಯಲ್ಲಿ ಮಾಂಸವಿರಲಿಲ್ಲ, ಇದ್ದ ಶಕ್ತಿಯೆಲ್ಲ ಗಂಟಲಿಗೆ ಹೋಗಿತ್ತು. ಅವರು ಕೂಗಿದರೆ ಮೈಸೂರು ರೈಲು ಇಳಿದು ಬರುವವರೂ ಕಾಲು ಬೀಸಿ ಹಾಕುತ್ತಿದ್ದರು. ದಿನವೂ ಐದಾರು ಜನ ಬಂದೇ ಬರುತ್ತಿದ್ದರು. ಅಡಿಗೆಯವನು, ನೀರು ಹೊರುವವನು, ನಾನು, ಮೂವರೂ ತಳ ಕೆರೆದು ಉಣ್ಣುತ್ತಿದ್ದೆವು.

ಒಂದು ದಿನ ಸಾಕಾಗಿ ಮೂವರೂ ಸೇರಿ ಒಂದು ಉಪಾಯ ಮಾಡಿದೆವು. ನೀರಿನವನು ಬೀದಿಯ ತಿರುವಿನಲ್ಲಿ ನಿಂತು, ‘ಮುಗುದೋಯ್ತು, ನಾಳೆ ಬನ್ನಿ’ ಎಂದು ಜನರನ್ನು ವಾಪಸು ಕಳಿಸಬೇಕು. ಅವತ್ತು ಮೂರು ಕೂಗಾದರೂ ಒಬ್ಬರೂ ಬರಲಿಲ್ಲ. ನಾವು ಸಡಗರದಿಂದ ಎಲೆ ಹಾಕಿದೆವು. ಪಾರುಪತ್ತೇಗಾರರು ಕೂರಲಿಲ್ಲ. “ಊರಿಗೇನೋ ಆಗಿದೆ ಕಣಯ್ಯಾ, ನೋಡ್ಕೊಂಡು ಬರ್ತೀನಿ” ಎಂದು ಹೊರಟರು.

ತಿರುವಿನಲ್ಲಿ ನೀರಿನವನು ಏಳು ಜನರನ್ನು ತಡೆದು ನಿಂತಿದ್ದ. ಇವರು ಬೈಯಲಿಲ್ಲ. ಎಂಟು ಜನರನ್ನೂ ಕರೆದುಕೊಂಡು ಬಂದು ಸಾಲಾಗಿ ಕೂರಿಸಿ ನನಗೆ ಹೇಳಿದರು: “ಇವನೂ ಪಾಪ ಬೀದೀಲಿ ನಿಂತಿದ್ದ. ಹಸಿದಿರಬೇಕು. ಮೊದಲು ಇವನಿಗೆ ಬಡಿಸು.”

ನಾವಿಬ್ಬರು ಆ ದಿನ ಮುದ್ದೆಗೆ ಉಪ್ಪು ನೆಂಚಿಕೊಂಡು ಉಂಡೆವು. ಆ ನೀರಿನವನು ಎರಡು ಸಲ ಸಾರು ಹಾಕಿಸಿಕೊಂಡ.

೨. ಬೀಗರ ಮರ್ಯಾದೆ

ದೇವನೂರಿನಿಂದ ಸೊಪ್ಪು ಹೊತ್ತು ತಂದು ಮಾರುತ್ತಿದ್ದ ಅಜ್ಜಿಯೊಬ್ಬಳಿದ್ದಳು. ಕುಕ್ಕೆ ಬರಿದಾದ ಮೇಲೆ ಎದುರಿನ ಅರಳಿಮರದ ಕೆಳಗೆ ಕೂತಿರುತ್ತಿದ್ದಳು. ಮೊದಲ ಕೂಗಿಗೆ ಏಳುತ್ತಿರಲಿಲ್ಲ. ಎರಡನೆಯದಕ್ಕೆ ಸೆರಗು ಕೊಡವುತ್ತಿದ್ದಳು. ಮೂರನೆಯದಕ್ಕೆ ಎದ್ದು ಬರುತ್ತಿದ್ದಳು.

“ಅಜ್ಜಿ, ಮೊದಲ್ನೇ ಕೂಗಿಗೇ ಬಂದ್ರೆ ಏನಮ್ಮಾ? ನಮಗೂ ಹೊಟ್ಟೆ ಇಲ್ವಾ?” ಎಂದೆ.

“ಒಂದೇ ಕೂಗ್ಗೆ ಬಂದ್ರೆ ಗತಿ ಇಲ್ದೋಳು ಅಂತಾರೆ. ಮೂರು ಸತಿ ಕರುಸ್ಕಂಡು ಬಂದ್ರೆ ಬೀಗ್ರು ಕಣಪ್ಪ” ಎಂದಳು.

ಕೂತ ಮೇಲೂ ಬೀಗರೇ. ಸಾರು ನೀರು, ಮುದ್ದೆ ಗಂಟು, ಮಜ್ಜಿಗೆಯಲ್ಲಿ ಮೊಸರಿನ ಗಾಳಿಯೂ ಇಲ್ಲ ಎಂದು ದಿನವೂ ಕೊಂಕು ತೆಗೆಯುತ್ತಿದ್ದಳು. ಒಂದು ದಿನ ನಾನು ತಾಳ್ಮೆಗೆಟ್ಟು, “ಬಿಟ್ಟಿ ಊಟಕ್ಕೆ ಇಷ್ಟೊಂದು ಮಾತಾ?” ಎಂದುಬಿಟ್ಟೆ. ಪಾರುಪತ್ತೇಗಾರರು ಕಂಬದ ಹಿಂದೆ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಆಕೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ನನ್ನನ್ನು ಕೂರಿಸಿದರು. ತಾವೇ ಸೊಂಟಕ್ಕೆ ವಸ್ತ್ರ ಬಿಗಿದು ನನಗೆ ಬಡಿಸಿದರು. “ಬಿಟ್ಟಿ ಊಟ ಹೆಂಗಿದೆ ಅಂತ ನೋಡಿ ಹೇಳಪ್ಪಾ” ಎಂದರು. ತಲೆ ತಗ್ಗಿಸಿಕೊಂಡು ಉಂಡೆ. ಅಜ್ಜಿ ಹೇಳಿದ್ದು ನಿಜವೇ, ಸಾರು ನೀರಾಗಿತ್ತು. ಹಾಗೆಂದೇ ಹೇಳಿದೆ.

ಪಾರುಪತ್ತೇಗಾರರು ನನ್ನ ಮೇಲೆ ಸಿಟ್ಟು ಬಿಟ್ಟರು. ಅಡಿಗೆಯವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

೩. ಹಿಮ್ಮಡಿಯ ಗುರುತು

ಒಂದು ಚಳಿಗಾಲದಲ್ಲಿ ಪಾರುಪತ್ತೇಗಾರರ ದನಿ ಒಡೆಯಿತು. ಶೀತ ಎಂದುಕೊಂಡೆವು. ಕಷಾಯ ಕುಡಿದರು, ಪಂಡಿತರು ಕೊಟ್ಟ ಲೇಹ್ಯ ನೆಕ್ಕಿದರು. ದನಿ ಬರಬರುತ್ತಾ ಪಿಸುಮಾತಾಯಿತು. ಆಮೇಲೆ ಅನ್ನ ಇಳಿಯುವುದು ನಿಂತು ಗಂಜಿಗೆ ಬಂದರು. ಗಂಟಲಲ್ಲಿ ಗಡ್ಡೆ ಎಂದು ಪಂಡಿತರು ನನ್ನನ್ನು ಹೊರಗೆ ಕರೆದು ಹೇಳಿದರು. ಊರಿಗೆಲ್ಲ ಉಣ್ಣಿಸಿದ ಮನುಷ್ಯನಿಗೆ ದೇವರು ಆ ರೋಗವನ್ನೇ ಯಾಕೆ ಕೊಟ್ಟನೋ, ನಾನು ಈಗಲೂ ಅವನನ್ನು ಕೇಳುತ್ತಲೇ ಇದ್ದೇನೆ.

“ಅಯ್ನೋರೇ, ಇನ್ಮೇಲೆ ನಾನು ಕೂಗ್ತೀನಿ” ಎಂದೆ.

ಅವರು ಕಲ್ಲನ್ನು ತೋರಿಸಿದರು. ಪಾರುಪತ್ತೇಗಾರನೇ ಕೂಗಬೇಕು. ಕೂಗಲಾಗದವನು ಕೆಲಸ ಬಿಡಬೇಕು. ಬಿಟ್ಟರೆ ಹೋಗುವುದಕ್ಕೆ ನರಸೀಪುರದಲ್ಲಿ ಅಣ್ಣನ ಮಗನ ಮನೆ ಒಂದೇ ಇತ್ತು. “ಇಷ್ಟು ವರ್ಷ ಇಕ್ಕಿದ ಕೈ ಇದು. ಈಗ ಇನ್ನೊಬ್ಬರ ಮನೇಲಿ, ಯಾವಾಗ ಕರೀತಾರೋ ಅಂತ ಕಾಯ್ತಾ ಕೂರ್ಲೇನಯ್ಯಾ?” ಎಂದು ಪಿಸುಗುಟ್ಟಿ ಅತ್ತರು. ಅವರು ಅತ್ತದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಅವತ್ತೇ ಈ ಏರ್ಪಾಟಾಯಿತು. ಅವರು ಹೊಸ್ತಿಲಲ್ಲಿ ನಿಂತು ಬಾಯಿ ಆಡಿಸುವುದು. ನಾನು ಬಾಗಿಲ ಹಿಂದೆ ಅಡಗಿ ಅವರ ದನಿಯಲ್ಲಿ ಕೂಗುವುದು. ಅವರ ಹಿಮ್ಮಡಿ ಬಾಗಿಲಿಗೆ ತಾಗಿದರೆ ಅದೇ ಗುರುತು. ಅಷ್ಟು ವರ್ಷ ಆ ಕೂಗನ್ನು ಶಪಿಸುತ್ತಾ ಕೇಳಿದ್ದೆನಲ್ಲ, ದನಿ ಸಲೀಸಾಗಿ ಬಂತು.

ಒಂದು ದಿನ ಬೆಳಿಗ್ಗೆ, ಅವರು ಸ್ನಾನಕ್ಕೆ ಹೊಳೆಗೆ ಹೋಗಿದ್ದಾಗ, ಬಾಗಿಲ ಹಿಂದೆ ನಿಂತು ಅಭ್ಯಾಸಕ್ಕೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಬಾಗಿಲಿಗೆ ಏನೋ ಮೂರು ಸಲ ತಾಗಿತು. ಅವರೇ ಬಂದು ಅಭ್ಯಾಸಕ್ಕೆ ಗುರುತು ಕೊಟ್ಟರು ಎಂದುಕೊಂಡು ಮೂರು ಕೂಗನ್ನೂ ಕೂಗಿಬಿಟ್ಟೆ. ಇಣುಕಿ ನೋಡಿದರೆ ಹೊಸ್ತಿಲಲ್ಲಿ ಒಂದು ಮೇಕೆ ಮೈ ತಿಕ್ಕಿಕೊಳ್ಳುತ್ತಾ ನಿಂತಿದೆ. ಅದರ ಹಿಂದೆ ನಲವತ್ತು ಜನ.

ಒಲೆಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಅಷ್ಟರಲ್ಲಿ ಅವರು ಒದ್ದೆ ಬಟ್ಟೆಯಲ್ಲೇ ಬಂದರು. ಜನರನ್ನು ನೋಡಿದರು, ನನ್ನನ್ನು ನೋಡಿದರು, ಮೇಕೆಯನ್ನೂ ನೋಡಿದರು. “ಕರೆದಾಯ್ತಲ್ಲ, ಅಕ್ಕಿ ತೊಳಿ” ಎಂದು ಪಿಸುಗುಟ್ಟಿದರು. ಮೇಕೆಗೂ ಒಂದು ಹಿಡಿ ಸೊಪ್ಪು ಹಾಕಿಸಿದರು.

೪. ಆಚೆ ದಡ

ಯಾರೋ ಮೈಸೂರಿಗೆ ಸುದ್ದಿ ಮುಟ್ಟಿಸಿದರು. ಛತ್ರ ಕಟ್ಟಿಸಿದವರ ಮೊಮ್ಮಗ, ಈಗಿನ ಧಣಿ, ಜಟಕಾದಲ್ಲಿ ಬಂದಿಳಿದರು. ಅಜ್ಜನ ಕಟ್ಟಳೆಯನ್ನು ಮೀರದವರು ಎಂದು ಹೆಸರಾದವರು. “ನಿಮಗೆ ದನಿ ಹೋಗಿದೆ ಅಂತಾರೆ. ಮಧ್ಯಾಹ್ನ ಕೂಗಿ, ನಾನು ಬೀದೀಲಿ ನಿಂತು ಕೇಳ್ತೀನಿ” ಎಂದರು. ಪಾರುಪತ್ತೇಗಾರರು ತಲೆಯಾಡಿಸಿದರು. ಅವರ ಟ್ರಂಕು ಆಗಲೇ ಮೂಲೆಯಲ್ಲಿ ಕಟ್ಟಿಟ್ಟಿತ್ತು.

ಹೊತ್ತಾಯಿತು. ಹಿಮ್ಮಡಿ ತಾಗಿತು, ಕೂಗಿದೆ. ಮತ್ತೆ ತಾಗಿತು, ಕೂಗಿದೆ. ಮೂರನೆಯದೂ ಆಯಿತು. ಇನ್ನೇನು ಗೆದ್ದೆವು ಎನ್ನುವಾಗ ಅವರು ಸುಸ್ತಾಗಿ ಬಾಗಿಲಿಗೆ ಒರಗಿಕೊಂಡರು. ಗುರುತು ಎಂದುಕೊಂಡು ನಾನು ನಾಲ್ಕನೆಯ ಸಲ ಕೂಗಿಬಿಟ್ಟೆ. ಅವರ ಬಾಯಿ ಮುಚ್ಚಿತ್ತು.

ಬಾಗಿಲ ಸಂದಿಯಿಂದ ನೋಡಿದೆ. ಧಣಿಗಳು ಮುಚ್ಚಿದ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಆಗ ಅರಳಿಮರದ ಕೆಳಗಿನಿಂದ ಆ ಅಜ್ಜಿ ಎದ್ದು ಬಂದಳು.

“ಅದು ಒಳೆ ಆಚೆ ದಡ ಕಣ್ಬುದ್ದಿ. ಇವ್ರು ಕೂಗುದ್ರೆ ಅದೂ ತಿರುಗಿ ಕೂಗ್ತದೆ.”

“ಊಂ ಕಣ್ಬುದ್ದಿ, ದಿನಾ ಕೂಗ್ತದೆ” ಎಂದು ಪಕ್ಕದ ಅಂಗಡಿಯವನು ಹೇಳಿದ. ನಿಂತಿದ್ದವರೆಲ್ಲ ಹೌದೆಂದರು. ಇಷ್ಟು ದಿನ ನಾನು ಅಡಗಿದ್ದದ್ದು ನನ್ನೊಬ್ಬನಿಗೇ ಗುಟ್ಟಾಗಿತ್ತು ಎಂದು ಆಗ ತಿಳಿಯಿತು.

ಧಣಿಗಳು ಒಳಗೆ ಬಂದು, ಅಜ್ಜಿಯ ಪಂಕ್ತಿಯಲ್ಲೇ ಉಂಡರು. ಹೊರಡುವಾಗ ಪಾರುಪತ್ತೇಗಾರರ ಎರಡು ಕೈಯನ್ನೂ ಹಿಡಿದುಕೊಂಡು, “ಟ್ರಂಕು ಬಿಚ್ಚಿ. ಇರೋವರೆಗೂ ಇಲ್ಲೇ ಇರಿ” ಎಂದರು. ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆಗೆ ತಿರುಗಲಿಲ್ಲ. ಸುಮ್ಮನೆ ಗಾಳಿಗೆ ಹೇಳಿದಂತೆ ಹೇಳಿದರು: “ಆ ಆಚೆ ದಡಕ್ಕೂ ಒಂದೆಲೆ ಹಾಕಿ. ಕೂಗಿ ಕೂಗಿ ಹಸಿದಿರುತ್ತೆ.”

೫. ಮೂರನೆಯ ಕೂಗು

ಶಿವರಾತ್ರಿಗೆ ಮೊದಲೇ ಪಾರುಪತ್ತೇಗಾರರು ತೀರಿಹೋದರು. ಕೊನೆಯ ದಿನ ಗಂಜಿಯೂ ಇಳಿಯಲಿಲ್ಲ. ನನ್ನ ಕೈ ಹಿಡಿದು, “ನಾಳೆ ಒಲೆ ಹಚ್ಚದೆ ಇರಬೇಡ್ರಪ್ಪಾ” ಎಂದರು. ಅವರ ತುಟಿ ನೋಡಿಯೇ ಅದನ್ನು ತಿಳಿದುಕೊಂಡೆ.

ಮಣ್ಣು ಮಾಡಿದ ಮಾರನೆಯ ದಿನ ಒಲೆ ಹಚ್ಚಿದೆವು. ಪಾರುಪತ್ತೆ ನೀನೇ ನೋಡಿಕೋ ಎಂದು ಧಣಿಗಳು ನನಗೆ ಹೇಳಿ ಕಳಿಸಿದ್ದರು. ಪಂಕ್ತಿ ಎದ್ದಿತು. ನಾನು ಅಭ್ಯಾಸದಂತೆ ಬಾಗಿಲ ಹಿಂದೆ ಹೋಗಿ ನಿಂತೆ. ಹಿಮ್ಮಡಿಗೆ ಕಾದೆ. ಎಷ್ಟು ಹೊತ್ತು ಕಾದೆನೋ, ಆಮೇಲೆ ನೆನಪಾಗಿ ಅಲ್ಲಿಂದಲೇ ಒಂದು ಸಲ ಕೂಗಿದೆ, ಅವರದೇ ದನಿಯಲ್ಲಿ.

ಯಾರೂ ಒಳಗೆ ಬರಲಿಲ್ಲ. ಹೊರಗೆ ಇಪ್ಪತ್ತು ಜನ ಬರಿಯ ಹೊಸ್ತಿಲನ್ನು ನೋಡುತ್ತಾ ನಿಂತಿದ್ದರು. ಅಜ್ಜಿ ಬಂದು ಬಾಗಿಲ ಹಿಂದೆ ಇಣುಕಿದಳು.

“ಆಚೆ ದಡವೇನೋ ಕೂಗ್ತು ಕಣಪ್ಪ. ಈಚೆ ದಡ ಎಲ್ಲಿ?”

ರಟ್ಟೆ ಹಿಡಿದು ನನ್ನನ್ನು ಎಳೆದು ತಂದು ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿದಳು. ಎರಡನೆಯ ಕೂಗು ಹೇಗೋ ಒಡೆದುಕೊಂಡು ಬಂತು. ಮೂರನೆಯದಕ್ಕೆ ಬಾಯಿ ತೆರೆದೆ, ದನಿ ಹೊರಡಲಿಲ್ಲ. ಮೂರನೆಯ ಕೂಗಾಗದೆ ಅವಳೂ ಬರುವವಳಲ್ಲ, ಬೀಗತಿ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಾಗಿಲ ಹಿಂದಕ್ಕೆ, ನಾನು ಅಷ್ಟು ದಿನ ನಿಂತಿದ್ದ ಜಾಗಕ್ಕೆ, ಕುಕ್ಕೆ ಸಮೇತ ಹೋಗಿ ನಿಂತಳು.

“ಬಾಯಾಡ್ಸಪ್ಪ ನೀನು, ಸಾರು ಆರೋಯ್ತದೆ” ಎಂದಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಅಸ್ದೋರು ಯಾರಾರ ಇದ್ರೆ ಬನ್ರಪ್ಪೋ!”

ನಾನು ಬಾಯಿ ಆಡಿಸಿದೆ. ಎಲ್ಲರೂ ಒಳಗೆ ಬಂದರು. ಎಲ್ಲರಿಗಿಂತ ಕೊನೆಗೆ, ಮೂರು ಸಲ ಕರೆಸಿಕೊಂಡ ಬೀಗರ ಠೀವಿಯಲ್ಲಿ, ಬಾಗಿಲ ಹಿಂದಿನಿಂದ ಆಕೆಯೂ ಬಂದಳು.