ಮಠದ ಬಾಟ್ಲಿ, ಗ್ಲ್ಯಾಡಿಸ್ ಬಾಯಿಯ ಸಾನ್ನಾ

ಕಳ್ಳು ಇಳಿಸುವವನಿಗೆ ಜ್ವರ ಬಂದದ್ದೇ ನೆಪ, ಮಂಗಳೂರು ಶಕ್ತಿನಗರದ ವಿಲ್ಸನ್ ರೇಗೊನ ಮಗಳ ಮದುವೆ ಮುರಿದು ಬೀಳುವುದರಲ್ಲಿತ್ತು.

ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹುಡುಗನ ತಂದೆ ಪೌಲ್ ಸಲ್ದಾನ ಮದುವೆಯ ದಿನ ಗೊತ್ತುಮಾಡಲು ಊಟಕ್ಕೆ ಬರುವವರಿದ್ದರು. ವಿಲ್ಸನ್‌ನ ಹೆಂಡತಿ ಜಾನೆಟ್ ಕುವೈತಿನಲ್ಲಿ ನರ್ಸ್. ಹಾಗಾಗಿ ಅಡುಗೆಯ ಹೊಣೆಯನ್ನು ಕೆಳಗಿನ ಮನೆಯ ಗ್ಲ್ಯಾಡಿಸ್ ಬಾಯಿ, ಯಾರೂ ಕೇಳದಿದ್ದರೂ, ಹೊತ್ತುಕೊಂಡಿದ್ದರು. ಹಂದಿಮಾಂಸದ ಖಾರದ ಗಸಿ ಬಫಾತ್ ಹಿಂದಿನ ದಿನವೇ ಆಗಿತ್ತು. ಸಾನ್ನಾಕ್ಕೆ ಅಕ್ಕಿ ರುಬ್ಬಿಯೂ ಆಗಿತ್ತು. ಸಾನ್ನಾ ನೋಡಲು ಇಡ್ಲಿಯ ಹಾಗೆಯೇ, ಆದರೆ ಅದರ ಹಿಟ್ಟು ಉಬ್ಬಬೇಕಾದರೆ ಕಳ್ಳು ಬೇಕು. ಕಳ್ಳಿನವನು ಹಾಸಿಗೆ ಹಿಡಿದಿದ್ದ.

"ವಿಲ್ಸನ್, ಹಿಟ್ಟು ಹುಳಿ ಬರಿಸ್ಲಿಕ್ಕೆ ಎಂತಾದ್ರೂ ಉಂಟಾ ನಿಮ್ಮಲ್ಲಿ?" ಎಂದು ಬೆಳಿಗ್ಗೆ ಏಳಕ್ಕೆ ಗ್ಲ್ಯಾಡಿಸ್ ಬಾಯಿ ಬಂದು ಕೇಳಿದಾಗ ವಿಲ್ಸನ್ ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ.

"ಸ್ಟೋರಲ್ಲಿ ನೋಡಿ ಬಾಯಿ, ಬೇಕಾದ್ದು ತಗೊಳ್ಳಿ," ಎಂದ. ಅಲ್ಲಿ ಯೀಸ್ಟಿನ ಪೊಟ್ಟಣವೊಂದು ಇತ್ತು, ಅವನ ತಲೆಯಲ್ಲಿದ್ದದ್ದು ಅದು.

ಎಂಟೂವರೆಗೆ ವಿಲ್ಸನ್ ಸ್ಟೋರಿಗೆ ಹೋದ. ಅಕ್ಕಿ ಡಬ್ಬದ ಹಿಂದೆ ಆರು ತಿಂಗಳಿಂದ ಅಲುಗಾಡದೆ ನಿಂತಿದ್ದ ಬಾಟ್ಲಿ ಇಲ್ಲ! ಅದು ಅಡುಗೆಮನೆಯಲ್ಲಿ, ಚೆನ್ನಾಗಿ ತೊಳೆಸಿಕೊಂಡು, ತಲೆ ಕೆಳಗಾಗಿ ಒಣಗುತ್ತಿತ್ತು.

"ಎಂಥಾ ಕಳ್ಳು ಮಾರಾಯ್ರೆ ಅದು!" ಎಂದರು ಗ್ಲ್ಯಾಡಿಸ್ ಬಾಯಿ. "ಅಡಿಯಲ್ಲಿ ಮಡ್ಡಿ ಇತ್ತಲ್ಲ, ಅದನ್ನೂ ಬಿಡ್ಲಿಲ್ಲ. ನೀರು ಹಾಕಿ ಕುಲುಕಿ ಸುರಿದೆ. ಹಿಟ್ಟು ನೋಡಿ ಹೇಗೆ ಎದ್ದಿದೆ!"

ಹಿಟ್ಟು ಪಾತ್ರೆಯ ಅಂಚು ದಾಟಿ ಕಟ್ಟೆಯ ಮೇಲೆ ಇಳಿಯುತ್ತಿತ್ತು.

ಆ ಬಾಟ್ಲಿ ಪೌಲ್ ಅವರದ್ದು. ಮೂವತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದ ಅವರು ಈಗಲೂ ಇಂಜಿನ್ ಓಡುತ್ತಿದೆ ಎಂಬಂತೆಯೇ ಮಾತಾಡುವವರು. ಮಾತುಕತೆಯ ದಿನ ಬಾಟ್ಲಿಯನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಕೊಟ್ಟು ಹೇಳಿದ್ದರು: "ಬೆಲ್ಜಿಯಂನಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳು ಮಠದ ಒಳಗೇ ಮಾಡುವ ಬಿಯರ್ ಇದು. ಬಾಟ್ಲಿಯಲ್ಲೇ ಇನ್ನೊಮ್ಮೆ ಹುಳಿ ಬಂದು ಹದ ಆಗ್ತದೆ. ಕತ್ತಲೆಯಲ್ಲಿ, ನೆಟ್ಟಗೆ ಇಡಿ. ದಿನ ಗೊತ್ತುಮಾಡುವಾಗ ಒಟ್ಟಿಗೆ ತೆರೆಯುವ. ಒಂದು ಬಾಟ್ಲಿ ಕಾಯ್ಲಿಕ್ಕೆ ಆಗದವರ ಮನೆಯಿಂದ ನಾನು ಸೊಸೆ ತರುವುದಿಲ್ಲ!" ಹೇಳಿ ಅವರು ಜೋರಾಗಿ ನಕ್ಕಿದ್ದರು. ವಿಲ್ಸನ್‌ಗೆ ನಗು ಬಂದಿರಲಿಲ್ಲ. ಅಂದಿನಿಂದ ಅವನು ಸ್ಟೋರಿನಲ್ಲಿ ಜೋರಾಗಿ ಸೀನಿದವನೂ ಅಲ್ಲ.

ನಿಜ ಹೇಳಿ ಕಾಲು ಹಿಡಿಯೋಣವೇ ಎಂದುಕೊಂಡ. ಮಗಳು ಟಾನ್ಯಾ ಹುಡುಗ ಆಲ್ವಿನ್‌ನ ಫೋಟೋ ನೋಡಿ ಒಬ್ಬಳೇ ನಗುವುದು ಕಣ್ಣಮುಂದೆ ಬಂತು. ಆ ಯೋಚನೆ ಬಿಟ್ಟ. ಗ್ಲ್ಯಾಡಿಸ್ ಬಾಯಿಯ ಕಿವಿಗೆ ಹಾಕುವುದೂ ಚರ್ಚಿನ ಮೈಕಿನಲ್ಲಿ ಹೇಳುವುದೂ ಒಂದೇ. ಉಳಿದದ್ದು ಒಂದೇ ದಾರಿ. ವಿಲ್ಸನ್ ಸುರತ್ಕಲ್‌ನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಖಾಲಿ ಬಾಟ್ಲಿ ತುಂಬಿಸುವುದು ಅವನ ಇಪ್ಪತ್ತೆಂಟು ವರ್ಷಗಳ ಕಸುಬು.

ಫೋನಿನಲ್ಲಿ ಹುಡುಕಿದ. ಇಂಥ ಕಡುಬಣ್ಣದ ಬಿಯರಿನಲ್ಲಿ ಒಣ ಅಂಜೂರ, ಒಣದ್ರಾಕ್ಷಿ, ಲವಂಗ, ಸುಟ್ಟ ಸಕ್ಕರೆಯ ರುಚಿ ಇರುತ್ತದೆ ಎಂದಿತ್ತು. ಎದುರು ಮನೆಯ ಆಶಿಕ್‌ನಿಗೆ ಕೊಟ್ಟಾರದಲ್ಲಿ ಡ್ರೈಫ್ರೂಟ್ಸ್ ಅಂಗಡಿ. ವಿಲ್ಸನ್ ಹೋಗಿ ಬಾಗಿಲು ಬಡಿದ.

"ಅಂಜೂರ, ಕಪ್ಪು ದ್ರಾಕ್ಷಿ, ಲವಂಗ... ಕಷಾಯಕ್ಕಾ ವಿಲ್ಸನ್ ಸರ್?" ಎಂದ ಆಶಿಕ್.

"ಹಾಂ, ಕಷಾಯಕ್ಕೇ."

"ಯಾರಿಗೆ ಹುಷಾರಿಲ್ಲ?"

"ಈಗ ಯಾರಿಗೂ ಇಲ್ಲ. ಒಂದು ಗಂಟೆಗೆ ನನಗೆ ಆಗ್ಬಹುದು."

ಆಶಿಕ್ ಒಳ್ಳೆಯ ಮನುಷ್ಯ. ವಿಲ್ಸನ್‌ನ ಬೆವರು ನೋಡಿ ಗಾಬರಿಯಾಗಿ ಒಂದು ಹಿಡಿ ಖರ್ಜೂರವನ್ನೂ ಕಟ್ಟಿಕೊಟ್ಟ. ಅರ್ಧ ಗಂಟೆಯಲ್ಲಿ ಜೇನು ಹಿಡಿದುಕೊಂಡು ತಾನೇ ಬಂದ. "ಇದು ಹಾಕದಿದ್ರೆ ಗುಣ ಇಲ್ಲ ಸರ್," ಎಂದು ಹಾಕಿಸಿಯೇ ಹೋದ.

ಎಲ್ಲವನ್ನೂ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಫ್ರಿಜ್ಜಿನಲ್ಲಿದ್ದ ಊರಿನ ಸ್ಟ್ರಾಂಗ್ ಬಿಯರಿಗೆ ಸೇರಿಸಿದ್ದಾಯಿತು. ಬಣ್ಣ ಬಂತು. ಆದರೆ ಅಡಿಯಲ್ಲಿ ಮಡ್ಡಿ ಬೇಡವೇ? ವಿಲ್ಸನ್ ಗ್ಲ್ಯಾಡಿಸ್ ಬಾಯಿಯ ಕಣ್ಣು ತಪ್ಪಿಸಿ ಒಂದು ಸೌಟು ಸಾನ್ನಾದ ಹಿಟ್ಟನ್ನು ಬಾಟ್ಲಿಗೆ ಸುರಿದ. ಅಸಲಿನ ಅಂಶ ಅಷ್ಟಾದರೂ ಇರಲಿ ಎಂಬ ಸಮಾಧಾನ. ಉಬ್ಬಿದ ಬಿರಡೆಯನ್ನು ಚಾಕುವಿನಿಂದ ಹೆರೆದು, ತುರುಕಿ, ಮೊದಲು ಬಿರಡೆಗೆ ಕಟ್ಟಿದ್ದ ತಂತಿಯನ್ನೇ ಬಿಗಿದ.

ಹನ್ನೆರಡು ಗಂಟೆಗೆ ಬಾಟ್ಲಿ ಬುಸ್ ಎನ್ನತೊಡಗಿತು.

ಜೀವ ಇರುವ ಹಿಟ್ಟು, ಅಷ್ಟು ಸಕ್ಕರೆ, ಮುಚ್ಚಿದ ಬಾಯಿ, ಮಂಗಳೂರಿನ ಸೆಕೆ. ಲ್ಯಾಬಿನಲ್ಲಿ ಇಂಥದ್ದೇ ಒಂದು ಸಿಡಿದು ಕಿಟಕಿಯ ಗಾಜು ರಸ್ತೆಗೆ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬಾಟ್ಲಿಯನ್ನು ತಣ್ಣೀರಿನ ಬಕೆಟಿಗೆ ಇಳಿಸಿ, ಮೇಲೆ ಕಂಬಳಿ ಹೊದಿಸಿ, ಮೂರು ಮಾರು ದೂರದಲ್ಲಿ ಕುಳಿತು ಜಪಸರ ಹಿಡಿದ.

"ಡ್ಯಾಡಿ, ಬಕೆಟಿನ ಮುಂದೆ ಎಂತ ಪ್ರಾರ್ಥನೆ?" ಎಂದಳು ಚರ್ಚಿನಿಂದ ಬಂದ ಟಾನ್ಯಾ.

"ನಿನ್ನ ಮದುವೆಗೆ ಮಗಾ. ಹತ್ತಿರ ಬರ್ಬೇಡ."

ಒಂದು ಗಂಟೆಗೆ ಸರಿಯಾಗಿ ಪೌಲ್ ಬಂದರು. ಅಗಲ ಬಾಯಿಯ ಎರಡು ಗ್ಲಾಸುಗಳನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಈ ಬಿಯರಿಗೆ ಬೇರೆ ಗ್ಲಾಸು ಆಗುವುದಿಲ್ಲವಂತೆ. ವಿಲ್ಸನ್ ಬಾಟ್ಲಿಯನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ. ಪೌಲ್ ತಂತಿಗೆ ಕೈಹಾಕಿದ್ದೇ ತಡ, ಬಿರಡೆ ಢಂ ಎಂದು ಹಾರಿ ಫ್ಯಾನಿಗೆ ಬಡಿದು ಬಫಾತ್‌ನೊಳಗೆ ಬಿತ್ತು.

"ಜೀವ ಉಂಟು!" ಎಂದು ಪೌಲ್ ಗರ್ಜಿಸಿದರು. ಮಡ್ಡಿ ಬಾರದಂತೆ ಕೊನೆಯ ಎರಡು ಬೆರಳಿನಷ್ಟು ಬಿಯರನ್ನು ಬಾಟ್ಲಿಯಲ್ಲೇ ಉಳಿಸಿ ನೊರೆ ಏಳಿಸುತ್ತ ಸುರಿದರು. "ಮಠದಲ್ಲಿ ಮೌನ. ಮೊದಲ ಗುಟುಕಿಗೆ ಯಾರೂ ಮಾತಾಡ್ಬಾರ್ದು."

ಪೌಲ್ ಕಣ್ಣು ಮುಚ್ಚಿ ನುಂಗಿದರು. ಮತ್ತೆ ಕಣ್ಣು ತೆರೆಯಲೇ ಇಲ್ಲ. ವಿಲ್ಸನ್‌ಗೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಅಂಜೂರ," ಎಂದರು ಪೌಲ್ ಕೊನೆಗೆ. "ಲವಂಗ... ಜೇನು! ಇದೇ ಮಾರಾಯ್ರೆ! ಹದಿನೆಂಟು ವರ್ಷದ ಹಿಂದೆ ಆಂಟ್ವರ್ಪಿನಲ್ಲಿ ಒಂದೇ ಒಂದು ಗ್ಲಾಸ್ ಕುಡಿದದ್ದು ನಾನು. ಅದೇ ರುಚಿ. ಬಾಟ್ಲಿ ಕಾಯುವುದು ಅಂದ್ರೆ ಹೀಗೆ!"

ವಿಲ್ಸನ್‌ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪೌಲ್ ಸಾನ್ನಾ ಮುರಿದು ಬಾಯಿಗಿಟ್ಟು ಮುಖ ಕಿವುಚಿದರು.

"ಇದಕ್ಕೆ ಎಂತ ಹಾಕಿದ್ದು? ಯಾವುದೋ ಕಳಪೆ ಸರಕು. ಕಹಿ!"

"ಕಳಪೆಯಾ?" ಗ್ಲ್ಯಾಡಿಸ್ ಬಾಯಿ ಸೌಟು ಹಿಡಿದೇ ಎದ್ದರು. "ಅದು ವಿಲ್ಸನ್‌ನ ಸ್ಟೋರಿನ ಬಾಟ್..."

"ನಾನೇ! ನಾನೇ ಹಾಳಾದ ಯೀಸ್ಟ್ ಕೊಟ್ಟದ್ದು!" ಎಂದು ವಿಲ್ಸನ್ ಕಿರುಚಿದ. ಆ ಕೂಗಿಗೆ ಗ್ಲ್ಯಾಡಿಸ್ ಬಾಯಿ ಜೀವನದಲ್ಲೇ ಮೊದಲ ಬಾರಿ ಮಾತು ಅರ್ಧಕ್ಕೆ ಬಿಟ್ಟರು.

ದಿನ ಗೊತ್ತಾಯಿತು, ಡಿಸೆಂಬರ್ ಇಪ್ಪತ್ತೆಂಟು. ಟಾನ್ಯಾ ಅಪ್ಪನನ್ನು ಅಪ್ಪಿಕೊಂಡಳು. ಹೊರಡುವಾಗ ಪೌಲ್ ಕಾರಿನ ಡಿಕ್ಕಿಯಿಂದ ಒಂದು ಪೆಟ್ಟಿಗೆ ಇಳಿಸಿದರು.

"ಅದೇ ಮಠದ್ದು, ಆರು ಬಾಟ್ಲಿ. ಮದುವೆಯ ಟೋಸ್ಟಿಗೆ. ನಿಮ್ಮ ಸ್ಟೋರಲ್ಲೇ ಇರ್ಲಿ. ಇವತ್ತಿನ ರುಚಿಯೇ ಬರ್ಬೇಕು. ಬೇರೆ ಬಂದ್ರೆ ನೀವು ಹಾಳು ಮಾಡಿದ್ರಿ ಅಂತ ಲೆಕ್ಕ."

"ಆಯ್ತು," ಎಂದ ವಿಲ್ಸನ್.

"ಮತ್ತೆ, ಟೋಸ್ಟ್ ಹೇಳುವವರು ನನ್ನ ಹಳೇ ಕ್ಯಾಪ್ಟನ್. ಬೆಲ್ಜಿಯಂನವರು. ಆ ಮಠದ ಗೇಟಿನ ಎದುರೇ ಹುಟ್ಟಿ ಬೆಳೆದವರು. ಅವರ ನಾಲಿಗೆಯನ್ನು ಮೋಸ ಮಾಡ್ಲಿಕ್ಕೆ ದೇವರಿಗೂ ಆಗ್ಲಿಕ್ಕಿಲ್ಲ!"

ಕಾರು ಹೋಯಿತು. ವಿಲ್ಸನ್ ಪೆಟ್ಟಿಗೆ ಅಪ್ಪಿಕೊಂಡು ಮೆಟ್ಟಿಲ ಮೇಲೆ ಕುಳಿತ. ಬಾಟ್ಲಿ ಮುಟ್ಟದೆ ಇಟ್ಟರೆ ಬೀಗರು ಕಹಿ ಎನ್ನುತ್ತಾರೆ. ಅಂಜೂರ ಕುದಿಸಿ ತುಂಬಿಸಿದರೆ ಕ್ಯಾಪ್ಟನ್ ಥೂ ಎನ್ನುತ್ತಾನೆ. ಅದೂ ಆರುನೂರು ಜನರ ಎದುರಿಗೆ, ಮೈಕಿನಲ್ಲಿ.

ಆಶಿಕ್ ಬಾಗಿಲು ತೆರೆದು ಇಣುಕಿದ. "ಕಷಾಯ ಕುಡಿದ್ರಾ ಸರ್? ಈಗ ಹೇಗುಂಟು? ಗುಣ ಆಯ್ತಾ?"

"ಎಲ್ಲಿ ಆಶಿಕ್," ಎಂದ ವಿಲ್ಸನ್. "ಕಾಯಿಲೆಯನ್ನು ಡಿಸೆಂಬರ್ ಇಪ್ಪತ್ತೆಂಟಕ್ಕೆ ಮುಂದೆ ಹಾಕಿದ್ದಾರೆ, ಅಷ್ಟೇ."