ನಾಲ್ಕು ಹೆಜ್ಜೆ ದೂರದ ಶಿಕ್ಷಣ

ಹೆಂಡತಿ: ಅಲ್ಲ ರೀ, ಕಪಾಟಿನ ಬೀಗ ಕಾಣಿಸ್ತಿಲ್ಲ ಅಂತ ಬೆಳಿಗ್ಗೆಯಿಂದ ಮನೆಯೆಲ್ಲ ಜಾಲಾಡಿದ್ದೀನಿ. ನೋಡಿದ್ರೆ ಅದು ಇಲ್ಲಿ ಕಿಟಕಿ ಸರಳಿಗೆ ನೇಣು ಹಾಕ್ಕೊಂಡಿದೆ.

ಗಂಡ: ಅದು ಬೀಗ ಅಲ್ಲ.

ಹೆಂಡತಿ: ಮತ್ತೇನು, ಕುಂಬಳಕಾಯಾ?

ಗಂಡ: ಲೋಲಕದ ಗುಂಡು. ಮುಟ್ಟಬೇಡ. ಹದಿನಾಲ್ಕು ಆಗಿತ್ತು, ನಿನ್ನ ಮಾತಿಗೆ ಲೆಕ್ಕ ತಪ್ಪಿತು.

ಹೆಂಡತಿ: ಅಲ್ಲಿ ಕಪಾಟು ಬಾಯಿ ತಕ್ಕೊಂಡು ನಿಂತಿದೆ, ಇಲ್ಲಿ ಬೀಗ ಉಯ್ಯಾಲೆ ಆಡ್ತಿದೆ. ಆ ದಾರ ಯಾವುದು? ಯೂನಿಫಾರಂ ಪ್ಯಾಂಟಿಗೆ ಅಂತ ತಂದ ನೀಲಿ ದಾರ ಅಲ್ವಾ?

ಗಂಡ: ಒಂದೇ ಒಂದು ಮೀಟರ್ ತಗೊಂಡೆ.

ಹೆಂಡತಿ: ಒಂದು ಮೀಟರ್ ಅಂದ್ರೆ ಎರಡು ಗುಂಡಿ. ನಿಮ್ಮ ಗುಂಡಿಗೋಸ್ಕರ ಯಾವುದೋ ಮಗುವಿನ ಪ್ಯಾಂಟು ಜಾರಬೇಕು.

ಗಂಡ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಮೇಜು ಒರೆಸುವುದು, ಉಪಕರಣ ಜೋಡಿಸುವುದು, ಒಡೆದದ್ದನ್ನು ಪುಸ್ತಕದಲ್ಲಿ ಬರೆದಿಡುವುದು, ಹೀಗೆ ಇಪ್ಪತ್ತಾರು ವರ್ಷ ಕಳೆದಿದ್ದಾನೆ. ಐವತ್ತನಾಲ್ಕನೇ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಎಸ್ಸಿ.ಗೆ ಸೇರಿದ. ಹೆಂಡತಿ ಮನೆಯಲ್ಲೇ ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ. ಹೊಲಿಗೆ ಯಂತ್ರ ನಿಂತರೆ ಅವಳ ಮಾತು ಶುರುವಾಗುತ್ತದೆ. ಯಂತ್ರ ನಡೆಯುತ್ತಿದ್ದರೆ ಮಾತು ಇನ್ನಷ್ಟು ಜೋರಾಗುತ್ತದೆ.

ಗಂಡ: ಭಾನುವಾರ ಪ್ರಾಕ್ಟಿಕಲ್ ಪರೀಕ್ಷೆ ಕಣೇ.

ಹೆಂಡತಿ: ನೀವು ಯಾವತ್ತು ಪ್ರಾಕ್ಟಿಕಲ್ ಆಗಿದ್ರಿ, ಭಾನುವಾರ ಆಗೋದಕ್ಕೆ? ಅದಿರಲಿ, ಪರೀಕ್ಷೆ ಎಲ್ಲಿ? ದೂರಶಿಕ್ಷಣ ಅಂದ್ರಲ್ಲ, ರೈಲು ಹತ್ತಬೇಕೇನೋ. ಚೀಲ ಗೀಲ ಹೊಂದಿಸ್ಲಾ?

ಗಂಡ: ನಮ್ಮ ಕಾಲೇಜಲ್ಲೇ ಸೆಂಟರು.

ಹೆಂಡತಿ: ಕಾಲೇಜಲ್ಲಿ ಎಲ್ಲಿ?

ಗಂಡ: ನಮ್ಮ ಲ್ಯಾಬಲ್ಲೇ.

ಹೆಂಡತಿ: ಅಂದ್ರೆ ನೀವು ದಿನಾ ಕೂರೋ ಸ್ಟೂಲಿಂದ ಪರೀಕ್ಷೆ ಮೇಜಿಗೆ ಎಷ್ಟು ದೂರ?

ಗಂಡ: ನಾಲ್ಕು ಹೆಜ್ಜೆ.

ಹೆಂಡತಿ: ದಾರೀಲಿ ಹಸಿವಾದೀತು, ಬುತ್ತಿ ಕಟ್ಟಿಕೊಡ್ತೀನಿ.

ಗಂಡ ಬೀಗವನ್ನು ಪಕ್ಕಕ್ಕೆಳೆದು ಬಿಟ್ಟ. ಕಣ್ಣು ಮೊಬೈಲಿನ ಸೆಕೆಂಡುಗಳ ಮೇಲೆ. ಎರಡನ್ನೂ ಒಟ್ಟಿಗೆ ನೋಡಲಾಗದೆ ಕತ್ತು ಕೋಳಿಯಂತೆ ಅತ್ತಿತ್ತ ಆಡಿತು. ನೋಡಲಾರದೆ ಹೆಂಡತಿಯೇ ಎದ್ದು ಬಂದಳು.

ಹೆಂಡತಿ: ಏನು ಲೆಕ್ಕ ಮಾಡಬೇಕು ಹೇಳಿ, ನಾನು ಎಣಿಸ್ತೀನಿ. ಕತ್ತು ಉಳುಕಿದ್ರೆ ಉಜ್ಜೋಳು ನಾನೇ ತಾನೆ.

ಗಂಡ: ಹೋಗಿ ಬಂದ್ರೆ ಒಂದು. ಇಪ್ಪತ್ತು ಸಲ ಎಣಿಸಬೇಕು. ನಾನು ಬಿಟ್ಟ ತಕ್ಷಣ ಒಂದು ಅನ್ನು.

ಹೆಂಡತಿ: ಬಿಟ್ಟ ತಕ್ಷಣ ಸೊನ್ನೆ ಅಲ್ವಾ?

ಗಂಡ: ಎಣಿಸೋದು ಅಂದ್ರೆ ಒಂದರಿಂದ ಕಣೇ. ನನಗೆ ಪಾಠ ಹೇಳಬೇಡ, ಪುಸ್ತಕ ಓದಿರೋನು ನಾನು.

ಹೆಂಡತಿ: ನನ್ನ ಟೇಪು ತಂದು ತೋರಿಸ್ಲಾ? ಅದರ ತುದೀಲಿ ಒಂದು ಇರುತ್ತಾ, ಸೊನ್ನೆ ಇರುತ್ತಾ? ಒಂದರಿಂದ ಹಿಡಿದು ಅಳೆದಿದ್ರೆ ಊರ ಮಕ್ಕಳೆಲ್ಲ ಒಂದೊಂದು ಇಂಚು ಗಿಡ್ಡ ಪ್ಯಾಂಟು ಹಾಕ್ಕೊಂಡು ಓಡಾಡ್ತಿದ್ರು. ಅದಿನ್ನೂ ಹೋಗೇ ಇಲ್ಲ, ಬಂದೇ ಇಲ್ಲ. ಆಗಲೇ ಒಂದು ಹೇಗಾಗುತ್ತೆ?

ಗಂಡ ಬೀಗ ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳು ಮಡಚಿ ಎಣಿಸಿ ನೋಡಿದ. ಎರಡು ದಿನದಿಂದ ಉತ್ತರ ಯಾಕೆ ತಪ್ಪಾಗಿ ಬರುತ್ತಿತ್ತೆಂದು ಈಗ ಹೊಳೆಯಿತು.

ಗಂಡ: ಸರಿ, ಸೊನ್ನೆ ಅನ್ನು.

ಹೆಂಡತಿ: ಪುಸ್ತಕದಲ್ಲಿ ಹಾಗಿದೆಯಾ?

ಗಂಡ: ಅನ್ನು ಅಂದೆನಲ್ಲ.

ಅವಳು ಎಣಿಸಿದಳು. ಇವನು ಕಾಗದದ ಮೇಲೆ ಭಾಗಿಸಿದ, ಗುಣಿಸಿದ.

ಗಂಡ: ನೋಡು, ಒಂಬತ್ತು ಪಾಯಿಂಟ್ ಎಂಟು. ಮೇಲಿಂದ ಬಿದ್ದ ವಸ್ತುವಿನ ವೇಗ ಎಷ್ಟೆಷ್ಟು ಹೆಚ್ಚುತ್ತೆ ಅನ್ನೋದರ ಲೆಕ್ಕ ಇದು. ಯಾವ ಊರಲ್ಲಿ ಮಾಡಿದ್ರೂ ಹೆಚ್ಚುಕಮ್ಮಿ ಇಷ್ಟೇ ಬರಬೇಕು.

ಹೆಂಡತಿ: ಉತ್ತರ ಎಲ್ಲರಿಗೂ ಮೊದಲೇ ಗೊತ್ತಾ?

ಗಂಡ: ಗೊತ್ತು.

ಹೆಂಡತಿ: ಗೊತ್ತಿರೋದನ್ನೇ ಹುಡುಕೋದಕ್ಕೆ ನನ್ನ ಕಪಾಟಿನ ಬೀಗ ಬೇಕಾಯ್ತು. ಅಲ್ಲ, ಈ ವಯಸ್ಸಲ್ಲಿ ಡಿಗ್ರಿ ತಗೊಂಡು ಏನು ಮಾಡ್ತೀರಿ?

ಗಂಡ: ಇಪ್ಪತ್ತಾರು ವರ್ಷ ಆ ಗುಂಡನ್ನ ಒರೆಸಿ ಒರೆಸಿ ಬೇರೆಯವರ ಕೈಗೆ ಕೊಟ್ಟಿದ್ದೀನಿ. ಒಂದು ಸಲ ನನ್ನ ಕೈಯಲ್ಲಿ ಹಿಡಿದು, ನನ್ನ ಕೈಯಾರೆ ಬರೀಬೇಕು. ಅಷ್ಟೇ.

ಹೆಂಡತಿ ಯಂತ್ರದ ಮುಂದೆ ಹೋಗಿ ಕೂತಳು. ಆ ದಿನ ಕಪಾಟಿಗೆ ಬೀಗವಿಲ್ಲದೆಯೇ ಕಳೆಯಿತು.

ಪರೀಕ್ಷೆಯ ದಿನಕ್ಕೆ ಅವನು ರಜೆ ಕೇಳಿದ. ಅವನು ರಜೆ ಹಾಕಿದರೆ ಪರೀಕ್ಷೆಗೆ ಲ್ಯಾಬು ತೆರೆಯುವವರು ಯಾರು ಎಂದು ಆಫೀಸಿನವರು ಕೇಳಿದರು. ಹಾಗಾಗಿ ಭಾನುವಾರ ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ಬಾಗಿಲು ತೆರೆದ, ಕಸ ಗುಡಿಸಿದ, ಹನ್ನೊಂದು ಮೇಜಿನ ಮೇಲೂ ಉಪಕರಣ ಜೋಡಿಸಿದ. ಆಮೇಲೆ ಹೊರಗೆ ಹೋಗಿ ಅಂಗಿ ಬದಲಿಸಿ, ಕೈಯಲ್ಲಿ ಪ್ರವೇಶಪತ್ರ ಹಿಡಿದು ಸಾಲಿನಲ್ಲಿ ನಿಂತ. ಒಳಗೆ ಪರೀಕ್ಷಕಿಯಾಗಿ ಕೂತಿದ್ದವರು ಅದೇ ಕಾಲೇಜಿನ ಮೇಡಂ. ಹನ್ನೆರಡು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ವಿದ್ಯಾರ್ಥಿನಿಯಾಗಿದ್ದವರು.

ಮೇಡಂ: ಅಣ್ಣ, ಐದನೇ ಮೇಜಿಗೆ ಸ್ಕೇಲ್ ಇಟ್ಟಿಲ್ಲ ನೋಡಿ.

ಗಂಡ: ಮೇಡಂ, ನಾನೀಗ ವಿದ್ಯಾರ್ಥಿ.

ಮೇಡಂ: ಓ, ಹೌದಲ್ಲ. ಹಾಗಾದ್ರೆ ಸ್ಕೇಲ್ ಯಾರು ಕೊಡ್ತಾರೆ?

ಗಂಡ: ಒಂದು ನಿಮಿಷ ಅಟೆಂಡರ್ ಆಗಿ ಬರ್ತೀನಿ.

ಸ್ಕೇಲ್ ಕೊಟ್ಟು ಬಂದು ಚೀಟಿ ಎತ್ತಿದ. ಲೋಲಕವೇ ಬಂತು. ಬೀಗವಿಲ್ಲ, ನೀಲಿ ದಾರವಿಲ್ಲ. ಅವನೇ ಒರೆಸಿದ ಹಿತ್ತಾಳೆ ಗುಂಡು, ಪಕ್ಕದಲ್ಲಿ ಲ್ಯಾಬಿನ ಹಳೆಯ ಸ್ಟಾಪ್ ಕ್ಲಾಕು. ಸೊನ್ನೆಯಿಂದ ಎಣಿಸಿದ. ಮೂರು ಸಲ ಮಾಡಿದ. ಮೂರು ಸಲವೂ ಉತ್ತರ ಹತ್ತು ಪಾಯಿಂಟ್ ಐದು.

ಯಾಕೆಂದು ಅವನಿಗೆ ಗೊತ್ತಿತ್ತು. ಒಂಬತ್ತು ಪಾಯಿಂಟ್ ಎಂಟು ಎಂದು ಬರೆದು ಎದ್ದರೆ ಕೇಳುವವರೂ ಇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಕೊನೆಗೆ ಹತ್ತು ಪಾಯಿಂಟ್ ಐದು ಎಂದೇ ಬರೆದು, ಕೆಳಗೆ ಇನ್ನೆರಡು ಸಾಲು ಸೇರಿಸಿ ಮೇಡಂ ಮುಂದಿಟ್ಟ.

ಮೇಡಂ: ಅಣ್ಣ, ಇದೇನು ಹತ್ತು ಪಾಯಿಂಟ್ ಐದು? ಇಷ್ಟು ವರ್ಷದಲ್ಲಿ ಈ ಲ್ಯಾಬಲ್ಲಿ ಯಾರಿಗೂ ಒಂಬತ್ತು ಪಾಯಿಂಟ್ ಎಂಟು ಬಿಟ್ಟು ಬೇರೆ ಬಂದಿಲ್ಲ.

ಗಂಡ: ಬರ್ತಿತ್ತು ಮೇಡಂ. ನಾನು ಬಿಡ್ತಿರಲಿಲ್ಲ.

ಮೇಡಂ: ಅಂದ್ರೆ?

ಗಂಡ: ಕೆಳಗಿನ ಸಾಲು ಓದಿ. ಆ ಕ್ಲಾಕು ನಿಮಿಷಕ್ಕೆ ಎರಡು ಸೆಕೆಂಡು ಹಿಂದೆ. ಅದನ್ನ ಸರಿಮಾಡಿ ಲೆಕ್ಕ ಹಾಕಿದ್ರೆ ಒಂಬತ್ತು ಪಾಯಿಂಟ್ ಎಂಟೇ ಬರುತ್ತೆ. ಮಕ್ಕಳಿಗೆ ಇದು ಗೊತ್ತಿರಲ್ಲ, ಗಾಬರಿ ಬೀಳ್ತಾರೆ. ನಾನು ಪೊರಕೆ ಹಿಡ್ಕೊಂಡು ಆ ಕಡೆ ಹೋಗಿ, ಒಂಬತ್ತು ಪಾಯಿಂಟ್ ಎಂಟು ಅಂತಲೇ ಬರೀರಿ ಅಂತ ಕಿವಿಗೆ ಹಾಕ್ತಿದ್ದೆ.

ಮೇಡಂ: ಎಷ್ಟು ವರ್ಷದಿಂದ?

ಗಂಡ: ಹದಿನಾಲ್ಕು.

ಮೇಡಂ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದರು. ಮುಖ ಸಣ್ಣದಾಯಿತು.

ಮೇಡಂ: ನನಗೆ ಸ್ವಂತವಾಗೇ ಬಂದಿತ್ತು ಅನ್ಸುತ್ತೆ.

ಗಂಡ: ಮೂರನೇ ಮೇಜು ಮೇಡಂ. ಹತ್ತು ಪಾಯಿಂಟ್ ಐದು ಬಂದು ನಿಮ್ಮ ಕಣ್ಣಲ್ಲಿ ನೀರಿತ್ತು. ಆವತ್ತು ನಾನು ಎರಡು ಸಲ ಗುಡಿಸಬೇಕಾಯ್ತು. ಮೊದಲನೇ ಸಲ ನಿಮಗೆ ಕೇಳಿಸಲಿಲ್ಲ.

ಮೇಡಂ: ಹಾಗಾದ್ರೆ ನನ್ನ ಚಿನ್ನದ ಪದಕದಲ್ಲಿ ನಿಮ್ಮ ಪೊರಕೆಗೂ ಪಾಲಿದೆ ಅನ್ನಿ.

ಗಂಡ: ಪೊರಕೆ ಬದಲಾಗಿದೆ ಮೇಡಂ. ಅದು ಹಳೇದು.

ಮೇಡಂ ಮೊಬೈಲು ತೆಗೆದು ಕ್ಲಾಕಿನ ಪಕ್ಕದಲ್ಲಿಟ್ಟರು. ಮೊಬೈಲಿನಲ್ಲಿ ಅರವತ್ತಾದಾಗ ಕ್ಲಾಕಿನ ಮುಳ್ಳು ಐವತ್ತೆಂಟರ ಮೇಲಿತ್ತು. ಅವರು ಉತ್ತರಪತ್ರಿಕೆಯನ್ನು ಕಟ್ಟಿನೊಳಗೆ ಸೇರಿಸಿದರು. ಇವನು ಮತ್ತೆ ಖಾಕಿ ಅಂಗಿ ತೊಟ್ಟು ಮೇಜು ಒರೆಸಿ ಮನೆಗೆ ಬಂದ.

ಹೆಂಡತಿ: ಉತ್ತರ ಎಷ್ಟು ಬಂತು?

ಗಂಡ: ಹತ್ತೂವರೆ.

ಹೆಂಡತಿ: ಟೈಮು ಕೇಳಲಿಲ್ಲ ರೀ. ಉತ್ತರ ಕೇಳಿದೆ.

ಗಂಡ: ಉತ್ತರವೇ ಹತ್ತೂವರೆ. ಕ್ಲಾಕು ನಿಧಾನ.

ಹೆಂಡತಿ: ನಿಧಾನ ಇದ್ರೆ ಹತ್ತೂಕಾಲು ಆಗಿರಬೇಕಲ್ಲ.

ಗಂಡ: ಅಯ್ಯೋ, ಆ ಹತ್ತೂವರೆ ಅಲ್ಲ. ಹತ್ತು ಪಾಯಿಂಟ್ ಐದು. ಗಡಿಯಾರದ ತಪ್ಪು ಅಂತ ಕೆಳಗೆ ಬರೆದಿದ್ದೀನಿ. ಇಷ್ಟು ವರ್ಷ ಮಕ್ಕಳಿಗೆ ಮಾತ್ರ ಸರಿ ಉತ್ತರವನ್ನೇ ಹೇಳಿಕೊಡ್ತಿದ್ದೆ.

ಹೆಂಡತಿ: ಊರವರಿಗೆಲ್ಲ ಸರಿ ಉತ್ತರ ಹೇಳಿಕೊಟ್ಟೋರಿಗೆ ಸ್ವಂತಕ್ಕೆ ಬರೆಯೋದಕ್ಕೆ ಏನು ಬಂದಿತ್ತು? ಫೇಲಾದ್ರೆ?

ಗಂಡ: ಮುಂದಿನ ವರ್ಷ ಮತ್ತೆ.

ಹೆಂಡತಿ: ಮುಂದಿನ ವರ್ಷ ಬೀಗ ಕೊಡಲ್ಲ, ಈಗಲೇ ಹೇಳಿದ್ದೀನಿ.

ಗಂಡ: ಮಕ್ಕಳು ಗೊತ್ತಿಲ್ಲದೆ ಬರೆದ್ರು, ಅದು ಬೇರೆ. ಗೊತ್ತಿದ್ದೂ ನಾನು ಹಾಗೇ ಬರೆದ್ರೆ, ಮನೇಲಿ ಕಿಟಕಿಗೆ ಬೀಗ ಕಟ್ಟಿದ್ದು ಯಾಕೆ?

ಹೆಂಡತಿ: ಅದನ್ನೇ ನಾನೂ ಕೇಳ್ತಿದ್ದೆ.

ಹಾಗೆಂದರೂ ಅವಳು ಚಹಾಕ್ಕೆ ಆವತ್ತು ಎರಡು ಚಮಚ ಸಕ್ಕರೆ ಹಾಕಿದಳು. ಉಳಿದ ದಿನ ಅವನಿಗೆ ಸಿಗುತ್ತಿದ್ದುದು ಒಂದೇ.

ಹತ್ತು ದಿನದ ಮೇಲೆ ಗಂಡ ಎರಡು ಕಾಗದ ಹಿಡಿದು ಬಂದ. ಒಂದನ್ನು ಕೊಟ್ಟು, ಇನ್ನೊಂದನ್ನು ಜೇಬಿನಲ್ಲೇ ಇಟ್ಟುಕೊಂಡ.

ಹೆಂಡತಿ: ಐವತ್ತಕ್ಕೆ ನಲವತ್ತಾರು. ಆ ನಾಲ್ಕು ಎಲ್ಲಿ ಹೋಯ್ತು?

ಗಂಡ: ಚಿತ್ರ ವಕ್ರವಾಗಿತ್ತಂತೆ.

ಹೆಂಡತಿ: ನನ್ನ ಹತ್ರ ಸೀಮೆಸುಣ್ಣ ಇಸ್ಕೊಂಡು ಬಟ್ಟೆ ಮೇಲೆ ಅಭ್ಯಾಸ ಮಾಡಬಹುದಿತ್ತು. ಜೇಬಲ್ಲಿ ಏನದು?

ಗಂಡ: ಆಫೀಸಿಂದ ಮೆಮೊ.

ಹೆಂಡತಿ: ಓದಿ.

ಗಂಡ: "ಪ್ರಯೋಗಾಲಯದ ಗಡಿಯಾರ ದೋಷಯುಕ್ತವಾಗಿದೆ ಎಂದು ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದಿರುವುದಾಗಿ ಪರೀಕ್ಷಕರು ವರದಿ ನೀಡಿರುತ್ತಾರೆ. ಉಪಕರಣಗಳ ಹೊಣೆ ಹೊತ್ತ ಅಟೆಂಡರ್ ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು."

ಹೆಂಡತಿ ಸೂಜಿ ಕೆಳಗಿಟ್ಟಳು.

ಹೆಂಡತಿ: ಯಾರು ರೀ ಆ ವಿದ್ಯಾರ್ಥಿ? ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯೋ ಬುದ್ಧಿ.

ಗಂಡ: ತಮಾಷೆ ಮಾಡಬೇಡ. ಆಫೀಸಿನವರಿಗೆ ಬರೀ ನಂಬರು ಗೊತ್ತು, ಹೆಸರು ಗೊತ್ತಿಲ್ಲ.

ಹೆಂಡತಿ: ಕ್ಲಾಕು ಕೆಟ್ಟಿದೆ ಅಂತ ನೀವು ಯಾವತ್ತೂ ಆಫೀಸಿಗೆ ಹೇಳಿರಲಿಲ್ವಾ?

ಗಂಡ: ಆರು ಸಲ ಬರೆದುಕೊಟ್ಟಿದ್ದೀನಿ, ನಕಲು ಇಟ್ಟಿದ್ದೀನಿ. ಅಟೆಂಡರ್ ಆಗಿ ಆರು ಸಲ ಬರೆದಾಗ ಒಬ್ಬರೂ ತಿರುಗಿ ನೋಡಲಿಲ್ಲ. ವಿದ್ಯಾರ್ಥಿಯಾಗಿ ಒಂದೇ ಸಲ ಬರೆದೆ, ನಿನ್ನೆ ಹೊಸ ಕ್ಲಾಕು ಬಂತು.

ಹೆಂಡತಿ: ಇವತ್ತು ಮೆಮೊ ಬಂತು.

ಗಂಡ: ಬಂತು.

ಹೆಂಡತಿ: ಆ ಆರು ನಕಲನ್ನೂ ಲಗತ್ತಿಸಿ. ಕೊನೇಲಿ, ಇನ್ನು ಮುಂದೆ ಇಂಥದ್ದು ನಡೆಯದಂತೆ ನೋಡಿಕೊಳ್ಳುತ್ತೇನೆ ಅಂತ ಬರೀರಿ.

ಗಂಡ: ಯಾವುದು, ಗಡಿಯಾರ ಕೆಡೋದಾ?

ಹೆಂಡತಿ: ಅಲ್ಲ, ಅಟೆಂಡರು ಓದೋದು.