ಹುಳದ ಮನೆಯ ಬಾಗಿಲಲ್ಲಿ ವಾಗೀಶ

ರಾಯದುರ್ಗದ ವಾಗೀಶನಿಗೆ ಹೆಣ್ಣು ನೋಡುವುದೆಂದರೆ ಎಲ್ಲಿಲ್ಲದ ಭಯ. ಹಿಂದೆ ಎರಡು ಮನೆಗಳಲ್ಲಿ ಬಾಯಿ ಬಿಡದೆ ಕೂತು, ‘ಹುಡುಗ ಮೂಗನೇ?’ ಎನ್ನಿಸಿಕೊಂಡು ಬಂದಿದ್ದ. ಈ ಸಲ ಮಡಕಶಿರದ ರಮ್ಯಶ್ರೀ ಫೋಟೋದಲ್ಲೇ ಮನಸ್ಸು ಕದ್ದಿದ್ದಳು. ಹೇಗಾದರೂ ಒಪ್ಪಿಗೆಯಾಗಬೇಕಿತ್ತು.

ಜೊತೆಗೆ ಬಂದ ಗೆಳೆಯ ನರೇಶ, ಮಡಕಶಿರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸುರುಳಿ ಹೊತ್ತಿಸಿದ. “ಗಾಂಜಾ. ಎರಡು ದಮ್ಮು ಎಳಿ, ಧೈರ್ಯ ತಾನ ಬರ್ತೈತಿ.”

“ಬ್ಯಾಡೋ, ನಾ ಯಾವತ್ತೂ ಮುಟ್ಟಿಲ್ಲ.”

“ಅದಕ್ಕ ಕಾಲೇಜಿನಾಗ ನಿನ್ನ ಪುಕ್ಕಲ ಅಂತಿದ್ರು.”

ಆ ಮಾತು ನಾಟಿತು. ಧೈರ್ಯ ಬರಲಿ ಎನ್ನುವುದಕ್ಕಿಂತ ಪುಕ್ಕಲ ಎನ್ನಿಸಿಕೊಳ್ಳಬಾರದೆಂದೇ ವಾಗೀಶ ಎಳೆದ, ಕೆಮ್ಮಿದ, ಮತ್ತೆ ಎಳೆದ.

ಎಂಥಾ ಧೈರ್ಯ ಬಂತು! ಹುಡುಗಿಯ ತಂದೆ ಜಯಣ್ಣ “ಬಸ್ಸಲ್ಲಿ ಸೀಟು ಸಿಕ್ತೇನಪ್ಪಾ?” ಎಂದರೆ ಬಿದ್ದು ಬಿದ್ದು ನಕ್ಕ. ಉಪ್ಪಿಟ್ಟಿನ ತಟ್ಟೆಗೆ ಕೈ ಮುಗಿದ. ಗಂಡನ್ನು ಇಣುಕಿ ನೋಡಲು ಬಂದ ಪಕ್ಕದ ಮನೆಯ ಈಶ್ವರಮ್ಮನಿಗೆ ಉದ್ದಕ್ಕೆ ಅಡ್ಡಬಿದ್ದ. ಕ್ಯಾಲೆಂಡರಿನ ನಂದಿಗೆ “ಆರಾಮ ಅದೀರೇನ್ರಿ?” ಎಂದ. ರಮ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಲ್ಲಾ ಗಾಂಜಾದ ಮಹಿಮೆ ಎಂದು ವಾಗೀಶ ಒಳಗೊಳಗೇ ಬೀಗಿದ.

“ಬಾ, ಹುಳ ನೋಡ್ವಂತೆ,” ಎಂದು ಜಯಣ್ಣ ಹಿತ್ತಲ ರೇಷ್ಮೆಹುಳದ ಮನೆಗೆ ಕರೆದೊಯ್ದರು; ಉಳಿದವರೂ ಹಿಂದೆ ಬಂದರು. ಬಾಗಿಲಲ್ಲೇ ಜಯಣ್ಣ ವಾಗೀಶನನ್ನು ತಡೆದರು. “ಬೀಡಿ ಗೀಡಿ ಏನಾನ ಸೇದಿದ್ರೆ ಒಳೀಕ್ ಬರ್ಬ್ಯಾಡ. ಆ ವಾಸ್ನೆಗೇ ಹುಳ ಸತ್ತೋಯ್ತವೆ.”

ಒಳಗೆ ಸಾವಿರಾರು ಹುಳಗಳು ಪಾಪ ಚರಚರ ಮೇಯುತ್ತಿದ್ದವು. ತನ್ನಿಂದ ಅವು ಸಾಯಬಾರದೆಂದು ವಾಗೀಶ ಜಯಣ್ಣನ ಕಾಲು ಹಿಡಿದುಬಿಟ್ಟ. “ತಪ್ಪಾತ್ರಿ! ಗಾಂಜಾ ಸೇದೀನ್ರಿ, ಇದ ಮೊದಲ ಸಲ. ನಕ್ಕಿದ್ದು, ಅಡ್ಡಬಿದ್ದಿದ್ದು ಎಲ್ಲಾ ಅದರದಾ ಕೆಲಸರಿ!”

“ಅಯ್ಯಯ್ಯೋ, ಗಾಂಜಾ ಗಂಡು!” ಈಶ್ವರಮ್ಮ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದಳು.

ರಮ್ಯಶ್ರೀ ಮಾತ್ರ, “ಹುಳ ಸಾಯ್ತವೆ ಅಂತ ನಿಜ ಹೇಳಿದ್ರಲ್ಲಪ್ಪಾ. ಒಳ್ಳೇರೇ,” ಎಂದಳು.

ಜಯಣ್ಣ ಮೆತ್ತಗಾದರು. “ಆಗ್ಲಿ. ವಯಸ್ಸಿನ ಹುಡುಗ್ರು ಒಂದ್ಸಲ ಎಡವ್ತಾರೆ. ಇನ್ಮ್ಯಾಕೆ ಮುಟ್ಟಲ್ಲ ಅಂತ ಹೇಮಾವತಿ ಸಿದ್ದಪ್ಪ ದೇವ್ರ ಮ್ಯಾಲೆ ಆಣೆ ಮಾಡು, ಸಾಕು.”

ವಾಗೀಶ ಆನಂದದಿಂದ ಬಾಯಿ ತೆರೆಯುವಷ್ಟರಲ್ಲಿ ನರೇಶ ನುಗ್ಗಿ ಬಂದ. ಗೆಳೆಯನ ಮಾನ ಉಳಿಸಲೇಬೇಕೆಂದು ಅವನಿಗೆ ಆಗಲೇ ಹುಕಿ ಬಂದಿತ್ತು.

“ಆಣಿ ಯಾಕ್ರಿ? ಅದು ಗಾಂಜಾನ ಅಲ್ರಿ! ಬಸ್ ಸ್ಟ್ಯಾಂಡ್ ಹಿಂದ ಬಿದ್ದಿದ್ದ ಒಣಾ ರೇಷ್ಮೆ ಸೊಪ್ಪು ಸುತ್ತಿ ಕೊಟ್ಟೀನಿ. ನಮ್ಮ ವಾಗೀಶ ಅಪ್ಪಟ ಬಂಗಾರ್ರಿ!”

ಜಯಣ್ಣ ಹುಳಗಳನ್ನು ನೋಡಿದರು. ವಾಗೀಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಮ್ ಹುಳ ದಿನಾ ಬುಟ್ಟಿಗಟ್ಲೆ ಇದೇ ಸೊಪ್ಪು ತಿಂತವೆ. ಒಂದಾದ್ರೂ ಹಿಂಗಾಡಿಲ್ಲ,” ಎಂದು ನಿಟ್ಟುಸಿರುಬಿಟ್ಟರು. “ಗಾಂಜಾ ಆಗಿದ್ರೆ ಬಿಡುಸ್ಬೋದಿತ್ತು ಕಣಪ್ಪಾ. ಇದು ನಿನ್ ಸ್ವಂತದ್ದು. ಇದುನ್ನ ಬಿಡ್ಸಾದು ಹೆಂಗೆ?”